ಏಳು ಕಿಲೋ, ಅರ್ಧ ಪುಸ್ತಕ

ಕಟಪಾಡಿ ಜಂಕ್ಷನ್ನಿನಲ್ಲಿ ನನ್ನದೊಂದು ಬ್ಯಾಗಿನ ಅಂಗಡಿ ಉಂಟು. ಹೊಸ ಬ್ಯಾಗು ಮಾರುತ್ತೇನೆ, ಹಳೆಯದಕ್ಕೆ ಜಿಪ್ಪು ಹಾಕಿಕೊಡುತ್ತೇನೆ, ಮಳೆಗಾಲ ಶುರುವಾದರೆ ಕೊಡೆಯ ಕಡ್ಡಿಯನ್ನೂ ಸರಿ ಮಾಡುತ್ತೇನೆ. ಬಂದ ಗಿರಾಕಿಗಳು ಕೇಳುವುದು ಒಂದೇ ಪ್ರಶ್ನೆ: "ಕಾಕಾ, ಇದಕ್ಕಿಂತ ದೊಡ್ಡದು ಇಲ್ವಾ?" ಕೇಳಿದ ಕೂಡಲೇ ನನಗೆ ಮೈ ಉರಿಯುತ್ತದೆ. ಉಂಟು ಮಾರಾಯ್ರೆ, ನೀವೇ ಒಳಗೆ ಕಾಲು ಮಡಚಿ ಮಲಗುವಷ್ಟು ದೊಡ್ಡದುಂಟು. ಆದರೆ ನೀವು ಹೋಗುವುದು ಎರಡು ದಿವಸಕ್ಕೆ, ಅದೂ ತಂಗಿಯ ಮನೆಗೆ. ಎಂತಕ್ಕೆ ಅಷ್ಟು ದೊಡ್ಡದು? ವ್ಯಾಪಾರಕ್ಕೆ ಕೂತವನು ಹೀಗೆಲ್ಲ ಕೇಳಬಾರದು ಅಂತ ನನಗೂ ಗೊತ್ತು. ಬಾಯಿ ನನ್ನ ಮಾತು ಕೇಳುವುದಿಲ್ಲ.

ಮಣಿಪಾಲದಿಂದ ಬರುವ ಕಾಲೇಜು ಮಕ್ಕಳದ್ದು ಇನ್ನೊಂದು ಹುಚ್ಚು, ಜೇಬಿನದ್ದು. ಬೆನ್ನಿಗೆ ಹಾಕುವ ಬ್ಯಾಗಿಗೆ ಎಷ್ಟು ಜೇಬು ಇದ್ದರೂ ಅವರಿಗೆ ಸಾಲುವುದಿಲ್ಲ. ನಾನು ಹೇಳುತ್ತೇನೆ: "ಒಂದೇ ಜೇಬಿದ್ದರೆ ಸಾಮಾನು ಅದರಲ್ಲೇ ಉಂಟು. ಹತ್ತು ಇದ್ದರೆ ರೈಲು ಹೊರಡುವವರೆಗೆ ಟಿಕೆಟು ಹುಡುಕಬೇಕು." ಅವರು ನಗುತ್ತಾರೆ, ಮೊಬೈಲಿನಲ್ಲಿ ನನ್ನ ಮಾತನ್ನು ರೆಕಾರ್ಡ್ ಮಾಡುತ್ತಾರೆ, ಕೊನೆಗೆ ಜೇಬು ಜಾಸ್ತಿ ಇರುವುದನ್ನೇ ತೆಗೆದುಕೊಂಡು ಹೋಗುತ್ತಾರೆ.

ನನ್ನ ಸ್ವಂತ ಕಾನೂನು ಏಳು ಕಿಲೋ. ಒಂದು ದಿವಸಕ್ಕಾಗಲಿ, ಒಂದು ವಾರಕ್ಕಾಗಲಿ, ನನ್ನ ಹೆಗಲ ಚೀಲ ಏಳು ಕಿಲೋ ದಾಟಬಾರದು. ದಾಟುವುದೂ ಇಲ್ಲ. ಒಂದು ಲುಂಗಿ: ಉಡಲಿಕ್ಕೆ, ಹೊದೆಯಲಿಕ್ಕೆ, ಲಾಡ್ಜಿನ ಕಿಟಕಿಗೆ ಪರದೆ ಇಲ್ಲದಿದ್ದರೆ ಅದಕ್ಕೂ. ಒಂದು ಬೈರಾಸು: ಮೈ ಒರೆಸಲಿಕ್ಕೆ, ಸುತ್ತಿ ತಲೆಗೆ ಇಟ್ಟುಕೊಳ್ಳಲಿಕ್ಕೆ, ನಮಾಜಿಗೆ ಮಾತ್ರ ಒಗೆದದ್ದು ಬೇರೆ. ಪೂರ್ತಿ ಸಾಬೂನು ಯಾರು ಹೊರುತ್ತಾರೆ? ಅರ್ಧ ತುಂಡು ಸಾಕು. ಸೂಜಿ, ದಾರ, ನಾಲ್ಕು ಪಿನ್ನು, ಮತ್ತೆ ಒಂದು ಬೆರಳಿನಷ್ಟು ಮೇಣದ ಬತ್ತಿ. ಬತ್ತಿ ಬೆಳಕಿಗಲ್ಲ, ಜಿಪ್ಪಿಗೆ. ಜಿಪ್ಪು ಹಟ ಹಿಡಿದಾಗ ಹಲ್ಲಿನ ಮೇಲೆ ಮೇಣ ಉಜ್ಜಿದರೆ ಬೆಣ್ಣೆಯ ಹಾಗೆ ಜಾರುತ್ತದೆ. ಈ ವಿದ್ಯೆಯನ್ನು ನಾನು ಎಲ್ಲರಿಗೂ ಪುಕ್ಕಟೆ ಹೇಳಿಕೊಡುತ್ತೇನೆ. ಆಮೇಲೆ ಓದಲಿಕ್ಕೆ ಒಂದು ಪುಸ್ತಕ. ಪೂರ್ತಿ ಅಲ್ಲ, ಅರ್ಧ. ಆ ಅರ್ಧದ ಕತೆ ಆಮೇಲೆ ಹೇಳುತ್ತೇನೆ.

ಊರಿಗೆಲ್ಲ ಹೀಗೆ ಉಪದೇಶ ಮಾಡುವ ನನಗೆ ಮನೆಯಲ್ಲಿ ಒಬ್ಬಳನ್ನು ಒಪ್ಪಿಸಲಿಕ್ಕೆ ಆಗಲಿಲ್ಲ. ನನ್ನ ಹೆಂಡತಿಯನ್ನು. ಅವಳು ಒಮ್ಮೆ ನನ್ನ ಜೊತೆ ಎಲ್ಲಿಗಾದರೂ ಬರಬೇಕು, ನಾವಿಬ್ಬರೇ ರೈಲಿನಲ್ಲಿ ಎದುರುಬದುರು ಕೂತು ಹೋಗಬೇಕು ಅನ್ನುವುದು ನನ್ನ ಒಂದೇ ಆಸೆ. ನಾನು ಗಲ್ಫಿನ ದಮ್ಮಾಮಿನಲ್ಲಿ ಸ್ಟೋರ್ ಕೀಪರ್ ಆಗಿದ್ದವನು. ಮದುವೆಯಾದದ್ದು ರಜೆಯಲ್ಲಿ, ಮಗಳು ಹುಟ್ಟಿದ್ದು ನಾನು ಅಲ್ಲಿರುವಾಗ, ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ಬರುವುದು, ಆ ಎರಡು ತಿಂಗಳೂ ನೆಂಟರ ಮನೆಯ ಊಟದಲ್ಲೇ ಮುಗಿಯುವುದು. ಇಬ್ಬರೇ ಸೇರಿ ಒಂದು ಊರು ನೋಡಿದವರಲ್ಲ ನಾವು. ಈಗ ಅವಳ ಮೊಣಕಾಲು ಬೇರೆ ಕೈ ಕೊಡುತ್ತಿತ್ತು. ಮಳೆಗಾಲ ಮುಗಿದ ಮೇಲೆ ಆಪರೇಷನ್ ಮಾಡುವ ಅಂತ ಉಡುಪಿಯ ಡಾಕ್ಟರು ಹೇಳಿದ್ದರು. ಅದು ಆದರೆ ಎಷ್ಟು ತಿಂಗಳು ಮನೆಯಲ್ಲಿ ಕೂರಬೇಕೋ ಏನೋ. ಹೋಗುವುದಿದ್ದರೆ ಈಗಲೇ ಹೋಗಬೇಕಿತ್ತು.

ಅವಳದ್ದು ಮಾತ್ರ ಒಂದೇ ರಾಗ. "ನೀವು ಹೋಗಿ ಬನ್ನಿ." ಒಮ್ಮೆ ಕೋಳಿ ಮೊಟ್ಟೆಗೆ ಕೂತಿದೆ ಅನ್ನುತ್ತಾಳೆ, ಒಮ್ಮೆ ಪಕ್ಕದ ಮನೆಯವರ ಮದುವೆ ಉಂಟು ಅನ್ನುತ್ತಾಳೆ, ಯಾವುದೂ ಇಲ್ಲದಿದ್ದರೆ ಮೊಣಕಾಲು ಹೇಗೂ ಉಂಟು. ನಾನೊಬ್ಬ ಅಂಡೆಪಿರ್ಕಿ, ಮಂಡೆ ಸರಿ ಇಲ್ಲದವನು, ಅವಳಿಗೆ ಲಗೇಜಿನ ಹೆದರಿಕೆ ಅಂತ ಎಣಿಸಿದ್ದೆ. ಕಡಿಮೆ ತುಂಬಿಸುವುದು ಹೇಗೆ ಅಂತ ಕಲಿಸಿಕೊಟ್ಟರೆ ಬಂದಾಳು ಅಂತ.

ಹಾಗೆ ಎಣಿಸಲಿಕ್ಕೆ ಕಾರಣವೂ ಇತ್ತು. ಗಲ್ಫಿಗೆ ಹೊರಡುವಾಗ ನನ್ನ ಸಾಮಾನು ಕಟ್ಟುತ್ತಿದ್ದವಳು ಅವಳೇ. ನಮ್ಮ ಕಾಪು ಕಡೆಯ ಮನೆಗಳಲ್ಲಿ ಒಬ್ಬ ಹೊರಟರೆ ಒಂದು ವಾರ ಮೊದಲೇ ಮನೆಯಲ್ಲಿ ಮಂಡೆಬಿಸಿ ಶುರು. ಒಂದು ದೊಡ್ಡ ಸೂಟ್‌ಕೇಸು, ಒಂದು ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಗೆ ನೀಲಿ ನೈಲಾನ್ ಹಗ್ಗ, ನಾಲ್ಕೂ ಬದಿಗೆ ಮಾರ್ಕರಿನಲ್ಲಿ ಹೆಸರು. ಒಳಗೆ ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಒಣಮೀನು, ತೆಂಗಿನೆಣ್ಣೆ, ಜ್ವರಕ್ಕೆ ಕಷಾಯದ ಪುಡಿ. ಇಷ್ಟು ನಮ್ಮದು. ಮತ್ತೆ ಊರಿನವರದ್ದು. "ನಮ್ಮ ಹುಡುಗನಿಗೆ ಇದೊಂದು ಸಣ್ಣ ಕಟ್ಟು" ಅಂತ ಹೊರಡುವ ದಿವಸದವರೆಗೂ ಜನ ಬರುತ್ತಿದ್ದರು. ಬೇಡ ಅನ್ನುವ ಪದ್ಧತಿ ನಮ್ಮಲ್ಲಿ ಇಲ್ಲ. ಬಜ್ಪೆಯ ವಿಮಾನ ನಿಲ್ದಾಣದಲ್ಲಿ ತೂಕ ಹೆಚ್ಚಾಗಿ, ಎಲ್ಲರ ಎದುರು ನೆಲದಲ್ಲಿ ಪೆಟ್ಟಿಗೆ ಬಿಚ್ಚಿ, ಆ ಸೆಕೆಯಲ್ಲಿ ಪ್ಯಾಂಟಿನ ಮೇಲೆ ಪ್ಯಾಂಟು, ಅಂಗಿಯ ಮೇಲೆ ಅಂಗಿ ಹಾಕಿಕೊಂಡು, ಎರಡೂ ಜೇಬಿಗೆ ಹಪ್ಪಳ ತುರುಕಿಕೊಂಡು ವಿಮಾನ ಹತ್ತಿದವನು ನಾನು. ಪಕ್ಕದ ಸೀಟಿನವನು ಇಡೀ ದಾರಿ ನನ್ನನ್ನು ಅನುಮಾನದಿಂದ ನೋಡಿದ. ಆವತ್ತೇ ಹೇಳಿಕೊಂಡೆ, ಒಂದು ದಿವಸ ನಾನು ಊರಿಗೆ ಬಂದು ಕೂತ ಮೇಲೆ ಈ ಜನ್ಮದಲ್ಲಿ ಇನ್ನು ಭಾರ ಹೊರುವುದಿಲ್ಲ.

ಅವಳು ಹಗ್ಗಕ್ಕೆ ಹಾಕುವ ಗಂಟು ಕೈಯಲ್ಲಿ ಬಿಚ್ಚುವಂಥದ್ದಲ್ಲ. ರೂಮಿಗೆ ಹೋಗಿ ಚಾಕುವಿನಲ್ಲೇ ಕೊಯ್ಯಬೇಕು. ರೂಮಿನವರು ತಮಾಷೆ ಮಾಡುತ್ತಿದ್ದರು, ಇವನ ಹೆಂಡತಿಗೆ ಇವನನ್ನೇ ಕಟ್ಟಿ ಹಾಕಬೇಕು ಅಂತಿತ್ತು, ಸಿಕ್ಕಿದ್ದು ಪೆಟ್ಟಿಗೆ ಅಂತ.

ಅರ್ಧ ಪುಸ್ತಕದ ಅಭ್ಯಾಸ ಹತ್ತಿದ್ದೂ ಅದೇ ರೂಮಿನಲ್ಲಿ. ಒಂದು ರೂಮು, ಎಂಟು ಮಂಚ, ನಮ್ಮ ಕರಾವಳಿಯವರೇ ಎಲ್ಲ. ನನ್ನ ಮೇಲಿನ ಮಂಚದವನು ಕಾರ್ಕಳದ ಕುಕ್ಕುಂದೂರಿನ ಕ್ರಿಶ್ಚಿಯನ್. ಮನೆಯಲ್ಲಿ ಅವನದ್ದು ಕೊಂಕಣಿ, ನನ್ನದು ಬ್ಯಾರಿ ಭಾಷೆ, ನಮ್ಮಿಬ್ಬರಿಗೂ ಸೇರಿ ಕನ್ನಡ. ಯಾರಾದರೂ ರಜೆ ಮುಗಿಸಿ ಬರುವಾಗ ಉಡುಪಿಯ ಬಸ್‌ಸ್ಟ್ಯಾಂಡಿನಿಂದ ಒಂದು ಕಾದಂಬರಿ ತಂದರೆ ಎಂಟು ಜನರೂ ಅದರ ಮೇಲೆ ಬೀಳುವುದು. ಒಬ್ಬ ಓದಿ ಮುಗಿಸಲಿಕ್ಕೆ ಒಂದು ವಾರ. ಎಂಟನೆಯವನು ಎಷ್ಟು ಕಾಯುವುದು? ಒಂದು ದಿವಸ ಕುಕ್ಕುಂದೂರಿನವನು ಗಡ್ಡ ಬೋಳಿಸುವ ಬ್ಲೇಡು ತಂದು ಪುಸ್ತಕದ ಬೆನ್ನಿಗೆ ಹಾಕಿ ಸರಕ್ಕನೆ ಮೂರು ತುಂಡು ಮಾಡಿಬಿಟ್ಟ. ನಾವೆಲ್ಲ ಬೊಬ್ಬೆ ಹೊಡೆದೆವು. ಅವನು ತಣ್ಣಗೆ ಹೇಳಿದ, "ಮೂರು ಜನ ಒಟ್ಟಿಗೆ ಓದ್ಬಹುದಲ್ವಾ? ಎಂತಕ್ಕೆ ಕಿರುಚುವುದು?" ಆಮೇಲೆ ನಮ್ಮ ರೂಮಿಗೆ ಬಂದ ಯಾವ ಕಾದಂಬರಿಯೂ ಇಡಿಯಾಗಿ ಉಳಿಯಲಿಲ್ಲ. ಕೆಲವರಿಗೆ ಮಧ್ಯದ ತುಂಡೇ ಮೊದಲು ಸಿಗುತ್ತಿತ್ತು. ಊಟಕ್ಕೆ ಕೂತಾಗ ಹಿಂದಿನದ್ದು ಎಂತ, ಮುಂದಿನದ್ದು ಎಂತ ಅಂತ ಒಬ್ಬರಿಗೊಬ್ಬರು ಹೇಳುವುದು. ಆ ರೂಮಿನಲ್ಲಿ ನನಗೆ ಸುಖ ಅಂತ ಇದ್ದದ್ದು ಅದೇ ಹೊತ್ತು.

ಕೊರೋನ ಕಳೆದ ಮೇಲೆ ನಾನು ಪೂರ್ತಿ ಊರಿಗೆ ಬಂದೆ. ಅಂಗಡಿ ಹಾಕಿದೆ. ಮತ್ತೆ ತಿರುಗಲಿಕ್ಕೆ ಶುರು ಮಾಡಿದೆ. ಹರಕೆ ಹೊತ್ತವನ ಹಾಗೆ ತಿರುಗಿದೆ ಅಂತ ಹೆಂಡತಿ ಹೇಳುತ್ತಾಳೆ. ಎರಡು ತಿಂಗಳಿಗೊಮ್ಮೆ ಅಂಗಡಿಗೆ ಬೀಗ ಹಾಕಿ, ಹೆಗಲಿಗೆ ಏಳು ಕಿಲೋ ಹಾಕಿ, ಉಡುಪಿಯ ಇಂದ್ರಾಳಿ ರೈಲು ಸ್ಟೇಷನ್ನಿಗೆ ಹೋಗುವುದು. ಮಡಗಾಂವ್, ರತ್ನಾಗಿರಿ, ಆಚೆ ಕಣ್ಣೂರು. ಎರಡು ದಿವಸ, ಮೂರು ದಿವಸ. ಎರಡು ದಿವಸಕ್ಕೆ ಅರ್ಧ ಪುಸ್ತಕ ಧಾರಾಳ ಸಾಕು. ಬ್ಲೇಡಿನಿಂದ ಕೊಯ್ದು ಮೊದಲಿನ ಅರ್ಧ ಚೀಲಕ್ಕೆ, ಕೊನೆಯ ಅರ್ಧ ಮನೆಯಲ್ಲಿ. ಓದಿ ಮುಗಿದದ್ದನ್ನು ವಾಪಸು ಹೊತ್ತು ತರುವವನು ನಾನಲ್ಲ. ಲಾಡ್ಜಿನ ಮೇಜಿನಲ್ಲೋ ವೆಯ್ಟಿಂಗ್ ರೂಮಿನ ಬೆಂಚಿನಲ್ಲೋ ಬಿಟ್ಟು ಬರುವುದು, ಕನ್ನಡ ಬಲ್ಲವನೊಬ್ಬನಿಗೆ ಸಿಕ್ಕಿದರೆ ಓದಿಕೊಳ್ಳಲಿ. ಮನೆಗೆ ಬಂದು ಕೊನೆಯ ಅರ್ಧ ಓದಿ ಕಪಾಟಿನ ಮೇಲೆ ಇಟ್ಟರೆ ಆಯಿತು. ಭಾರಿ ಬುದ್ಧಿವಂತಿಕೆ ಅಂತ ನನಗೆ ನನ್ನ ಮೇಲೇ ಅಭಿಮಾನ.

ಒಂದು ಸಲ ಮಧ್ಯಾಹ್ನ ಮಡಗಾಂವಿಗೆ ಹೊರಟಿದ್ದೆ. ಒಲೆಯಲ್ಲಿ ಅನ್ನ ಬೇಯುತ್ತಿತ್ತು. ಅದು ಬೇಯುವುದರೊಳಗೆ ನಾನು ಚೀಲ ತುಂಬಿಸಿ ಜಿಪ್ಪು ಎಳೆದಾಗಿತ್ತು. ಅವಳು ಅಡುಗೆಕೋಣೆಯ ಬಾಗಿಲಲ್ಲಿ ನಿಂತು ನೋಡಿದಳು.

"ಆಯ್ತಾ?"

"ಆಯ್ತು."

"ಇಷ್ಟೇಯಾ?"

"ಇಷ್ಟೇ!" ಅಂತ ಚೀಲವನ್ನು ಕಿರುಬೆರಳಿನಲ್ಲಿ ಎತ್ತಿ ತೋರಿಸಿದೆ.

"ಎಷ್ಟು ಸಲೀಸಾಗಿ ಹೊರಡ್ತೀರಿ ನೀವು" ಅಂದಳು. ನಾನು ಅದನ್ನು ಹೊಗಳಿಕೆ ಅಂತ ತೆಗೆದುಕೊಂಡೆ ನೋಡಿ! ಖುಷಿಯಲ್ಲಿ ಜಿಪ್ಪಿಗೆ ಮೇಣ ಉಜ್ಜುವ ವಿದ್ಯೆಯನ್ನು ಅವಳಿಗೂ ವಿವರಿಸಲಿಕ್ಕೆ ಹೊರಟೆ. ಅವಳು ಅನ್ನ ಬಸಿಯಲಿಕ್ಕೆ ಒಳಗೆ ಹೋದಳು.

ಮೊಣಕಾಲಿನ ಮಾತು ಬಂದ ಮೇಲೆ ನಾನು ಗಟ್ಟಿ ಪ್ರಯತ್ನ ಶುರು ಮಾಡಿದೆ. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಹಗುರದ ಬ್ಯಾಗು ಆರಿಸಿದೆ. ನಾಲ್ಕು ಚಕ್ರ, ಅವಳಿಗೆ ಇಷ್ಟದ ಎಲೆಹಸುರು ಬಣ್ಣ. ಅದರ ಹಿಡಿಗೆ ಒಂದು ಕೊಕ್ಕೆಯ ತೂಕದ ಯಂತ್ರವನ್ನೂ ನೇತು ಹಾಕಿ, ಗಿಫ್ಟ್ ಪೇಪರಿನಲ್ಲಿ ಸುತ್ತಿ ಮನೆಗೆ ತಂದೆ. ಸಂತೆಕಟ್ಟೆಗೆ ಮದುವೆ ಮಾಡಿಕೊಟ್ಟ ನಮ್ಮ ಮಗಳು ಆವತ್ತು ಮನೆಗೆ ಬಂದಿದ್ದಳು. "ಬಪ್ಪಾ, ಬಣ್ಣ ಗಮ್ಮತ್ತುಂಟು" ಅಂದಳು. ಹೆಂಡತಿ ಬ್ಯಾಗನ್ನು ಸವರಿದಳು, ಆಚೆ ಈಚೆ ಉರುಳಿಸಿ ನೋಡಿದಳು, ನಗುತ್ತಲೂ ಇದ್ದಳು. ಮತ್ತೆ ಕೊಕ್ಕೆ ಕಾಣಿಸಿತು.

"ಇದು ಎಂತಕ್ಕೆ?"

"ತೂಕ ನೋಡ್ಲಿಕ್ಕೆ. ನಿನಗೂ ಏಳು ಕಿಲೋ. ಹಾಸನಕ್ಕೆ ಹೋಗುವ. ಹಗಲು ಹೊತ್ತಿನ ರೈಲು, ಘಾಟಿ ಎಲ್ಲ ಕಾಣ್ತದೆ."

ಅವಳ ನಗು ಅಲ್ಲಿಗೇ ನಿಂತಿತು. "ನೀವು ಹೋಗಿ ಬನ್ನಿ" ಅಂದಳು. ಬ್ಯಾಗು ಮಂಚದ ಅಡಿಗೆ ಹೋಯಿತು. ಯಂತ್ರವನ್ನು ಅಡುಗೆಕೋಣೆಯ ಮೊಳೆಗೆ ನೇತು ಹಾಕಿದಳು. ಮಾರನೆ ದಿವಸದಿಂದ ಮೀನಿನವಳು ತಂದ ಬಂಗುಡೆಯನ್ನು ಅದರಲ್ಲಿ ತೂಗಿ ನೋಡಲಿಕ್ಕೆ ಶುರು. ಮೀನಿನವಳಿಗೂ ಅವಳಿಗೂ ಜೋರು ಜಗಳವಾಗಿ, ಒಂದು ವಾರ ನಮ್ಮ ಮನೆಯಲ್ಲಿ ಬರೀ ಮೊಟ್ಟೆ ಸಾರು. ಕರ್ಮ! ನಾನು ತಂದ ಯಂತ್ರ, ಅದರ ಫಲ ನಾನೇ ಉಣ್ಣಬೇಕು.

ಭಾನುವಾರ ಕುಕ್ಕುಂದೂರಿಗೆ ಹೋಗಿ ನನ್ನ ಮೇಲಿನ ಮಂಚದವನ ಹತ್ತಿರ ದುಃಖ ಹೇಳಿಕೊಂಡೆ. ಅವನೂ ಈಗ ಊರಿನಲ್ಲೇ, ಇಗರ್ಜಿಯಿಂದ ಬಂದು ಜಗಲಿಯಲ್ಲಿ ಕೂತಿದ್ದ. ಅವನು, ಅವನ ಹೆಂಡತಿ ವರ್ಷಕ್ಕೊಮ್ಮೆ ಎರಡು ದೊಡ್ಡ ಸೂಟ್‌ಕೇಸು ಹಿಡಿದುಕೊಂಡು ತಿರುಗಲಿಕ್ಕೆ ಹೋಗುವವರು. ಎಲ್ಲ ಕೇಳಿ ಅವನು ಹೇಳಿದ, "ನಿನಗೆ ಬುದ್ಧಿ ಉಂಟಾ ಮಾರಾಯ? ಅಲ್ಲಿಂದ ಬಿಟ್ಟು ಬಂದ ಮೇಲೆ ಮನೆಯಲ್ಲಿ ಕಸ್ಟಮ್ಸ್ ಇಟ್ಟುಕೊಂಡಿದ್ದೀಯಲ್ಲ! ಹೆಂಡತಿಯ ಬ್ಯಾಗಿಗೆ ಕೊಕ್ಕೆ ಹಾಕಿ ತೂಗುವವನ ಜೊತೆ ಯಾರು ಬರ್ತಾರೆ?" ಅವನ ಹೆಂಡತಿ ಒಳಗಿನಿಂದ ನಕ್ಕದ್ದು ಕೇಳಿತು. ನನಗೆ ಸಿಟ್ಟು ಬಂತು. ಬಸ್ಸಿನಲ್ಲಿ ಬರುವಾಗ ಅವನಿಗೆ ಕೊಡಬೇಕಾಗಿದ್ದ ಉತ್ತರಗಳೆಲ್ಲ ಒಂದೊಂದಾಗಿ ಹೊಳೆದವು. ಕಟಪಾಡಿ ಬರುವಾಗ ಅವನು ಹೇಳಿದ್ದೇ ಸರಿ ಅನ್ನಿಸಿತ್ತು.

ಆ ವಾರವೇ ಇನ್ನೊಂದು ಸಂಗತಿ ಆಯಿತು. ಮಣಿಪಾಲದ ಅಂಗಡಿಯಿಂದ ಒಂದು ಹೊಸ ಕಾದಂಬರಿ ತಂದಿದ್ದೆ. ಹಾಸನಕ್ಕೆ ಒಬ್ಬನೇ ಹೋಗಿಬರುವ ಅಂತ ಮನಸ್ಸಿಲ್ಲದ ಮನಸ್ಸಿನಿಂದ ತೀರ್ಮಾನ ಮಾಡಿ, ಜಗಲಿಯಲ್ಲಿ ಕೂತು ಬ್ಲೇಡು ತೆಗೆದೆ. ಅವಳು ಬಟ್ಟೆ ಒಣಗಿಸಿ ಬರುತ್ತಿದ್ದಳು. ಬಕೆಟು ಕೆಳಗಿಟ್ಟು ನಿಂತಳು.

"ಕೊನೆಯ ಅರ್ಧ ಓದಿಯಾದ ಮೇಲೆ ಆ ರದ್ದಿಯವನಿಗೆ ಕೊಡ್ಬೇಡಿ ಆಯ್ತಾ? ಕಳೆದ ಸಲದ್ದು ಕೊಟ್ಟುಬಿಟ್ಟಿದ್ದೀರಿ, ನಾನು ಅರ್ಧದಲ್ಲಿದ್ದೆ."

ನನಗೆ ಮೊದಲು ಅರ್ಥವೇ ಆಗಲಿಲ್ಲ. "ನೀನು ಓದ್ತೀಯಾ?"

"ಮತ್ತೆಂತ ಮಾಡುವುದು? ನೀವು ಮೂರು ದಿವಸ ಇರುವುದಿಲ್ಲ. ಸೀರಿಯಲ್ಲು ನನಗೆ ಆಗುವುದಿಲ್ಲ. ಕಪಾಟಿನ ಮೇಲೆ ಇದ್ದದ್ದನ್ನು ಓದ್ತೇನೆ."

"ಕೊನೆಯ ಅರ್ಧ ಮಾತ್ರವಾ?"

"ಮೊದಲಿನದ್ದನ್ನು ನೀವು ಎಲ್ಲೆಲ್ಲಿಯೋ ಬಿಟ್ಟು ಬರ್ತೀರಲ್ಲ!"

ನಾನು ಬ್ಲೇಡು ಕೆಳಗಿಟ್ಟೆ. ಇವಳು ಏಳನೆಯವರೆಗೆ ಓದಿದವಳು, ಮದುವೆಯಾದ ಮೇಲೆ ಇವಳ ಕೈಯಲ್ಲಿ ಪುಸ್ತಕ ನಾನು ನೋಡಿಲ್ಲ. ನೋಡುವುದು ಹೇಗೆ, ನಾನು ಇದ್ದಾಗ ಓದುವುದಿಲ್ಲ, ನಾನು ಇಲ್ಲದಾಗ ಓದುತ್ತಾಳೆ. ಯಾವುದೆಲ್ಲ ಓದಿದ್ದೀ ಅಂತ ಕೇಳಿದೆ. ಮೆಟ್ಟಿಲಿನ ಮೇಲೆ ಕಾಲು ಚಾಚಿ ಕೂತು ಒಂದೊಂದೇ ಹೇಳಿದಳು. ದೋಣಿ ಕಟ್ಟುವ ಆಚಾರಿಯ ಕತೆ ಬಂತು. ಅಣ್ಣ ತಮ್ಮ ಮಾತು ಬಿಟ್ಟವರು, ಕೊನೆಗೆ ತಮ್ಮನ ಮಗಳ ಮದುವೆಯ ದಿವಸ ಅಣ್ಣ ಬಂದು ಚಪ್ಪರದ ಕಂಬ ಹಿಡಿದುಕೊಂಡು ಅಳುತ್ತಾನೆ. "ಅದು ಓದುವಾಗ ನಾನೂ ಅತ್ತಿದ್ದೇನೆ. ಆದರೆ ಅವರು ಮಾತು ಬಿಟ್ಟದ್ದು ಯಾಕೆ?"

"ಒಂದು ಬಾಚಿಯ ವಿಷಯಕ್ಕೆ. ಮರ ಕೆತ್ತುವ ಅಪ್ಪನ ಕಾಲದ ಬಾಚಿ ಯಾರಿಗೆ ಅಂತ."

"ಬರೀ ಒಂದು ಬಾಚಿಗಾ? ಅಲ್ಲಾಹ್! ನಾನು ಯಾವುದೋ ಹುಡುಗಿಯ ವಿಷಯ ಅಂತ ಎಣಿಸಿ, ಆ ತಮ್ಮನಿಗೆ ಎಷ್ಟು ಬೈದಿದ್ದೇನೆ ಗೊತ್ತುಂಟಾ?" ಅಂತ ಹಣೆ ಹಣೆ ಬಡಿದುಕೊಂಡು ನಕ್ಕಳು. ನಾನೂ ನಕ್ಕೆ. ಇಬ್ಬರೂ ಹೀಗೆ ಸೇರಿ ನಕ್ಕು ಎಷ್ಟು ಕಾಲವಾಗಿತ್ತೋ.

ನಗು ಮುಗಿದ ಮೇಲೆ ಕೇಳಿದೆ. "ಓದ್ತೇನೆ ಅಂತ ಹೇಳಿದ್ದರೆ ನಾನು ಮೊದಲಿನದ್ದನ್ನೂ ವಾಪಸು ತರ್ತಿದ್ದೆನಲ್ಲ. ಯಾಕೆ ಹೇಳಲಿಲ್ಲ?"

ಅವಳು ಸ್ವಲ್ಪ ಹೊತ್ತು ಸೆರಗಿನ ತುದಿ ಮಡಚಿದಳು, ಬಿಚ್ಚಿದಳು. "ನಿಮಗೆ ಭಾರ ಆಗ್ತದಲ್ಲ" ಅಂದಳು. ಅದರಲ್ಲಿ ಕುಹಕ ಇರಲಿಲ್ಲ. ಮತ್ತೆ ಹೇಳಿದಳು, "ಮೊದಲು ನೀವು ಹೊರಡುವುದಕ್ಕೆ ಒಂದು ವಾರ ಹಿಡೀತಿತ್ತು. ಪೆಟ್ಟಿಗೆ ಭಾರ ಮಾಡ್ತಿದ್ದದ್ದು ನಾನೇ. ಹಗ್ಗ ಗಟ್ಟಿ ಕಟ್ತಿದ್ದದ್ದೂ ನಾನೇ. ಅಲ್ಲಿ ಹೋಗಿ ಬಿಚ್ಚುವಾಗಲಾದರೂ ಸ್ವಲ್ಪ ಹೊತ್ತು ಮನೆಯ ನೆನಪಾಗ್ಲಿ ಅಂತ. ಈಗ ಅನ್ನ ಬೇಯುವುದರೊಳಗೆ ಹೊರಡ್ತೀರಿ. ಈ ಮನೆಯಿಂದ ತಕೊಂಡು ಹೋಗ್ಲಿಕ್ಕೆ ನಿಮಗೆ ಎಂತದೂ ಬೇಡ. ನನಗೂ ಅರ್ಧ ಸಾಬೂನು, ಒಂದು ಬೈರಾಸು ಅಂತ ಕಲಿಸ್ಲಿಕ್ಕೆ ಬರ್ತೀರಿ. ನನಗೆ ಹಾಗೆ ಹೊರಡ್ಲಿಕ್ಕೆ ಬರುವುದಿಲ್ಲ."

ನನಗೆ ಅಳು ಬಂತು. ಬಕೆಟನ್ನು ಎತ್ತಿಕೊಂಡು ಹೋಗಿ ಬಾವಿಕಟ್ಟೆಯ ಹತ್ತಿರ ಇಟ್ಟು ಬಂದೆ. ವಾಪಸು ಬಂದು ಅವಳ ಪಕ್ಕ ಕೂತೆ. "ಹಾಗಾದ್ರೆ ನೀನೇ ತುಂಬಿಸು. ನಿನ್ನದೂ, ನನ್ನದೂ. ಎಷ್ಟಾದರೂ ಆಗಲಿ, ನಾನು ಹೊರ್ತೇನೆ" ಅಂದೆ.

"ತೂಗುವುದಿಲ್ವಾ?"

"ಇಲ್ಲ."

"ಆಣೆ?"

"ಆಣೆ."

"ಏಳು ಕಿಲೋ ಅಂತ ಪಿರಿಪಿರಿ ಮಾಡಿದ್ರೆ ನಾನು ದಾರಿಯಲ್ಲೇ ಇಳಿದು ವಾಪಸು ಬರ್ತೇನೆ" ಅಂದಳು. ಅಂದರೆ ಬರುತ್ತಾಳೆ! ನನಗೆ ಕುಣಿಯುವಷ್ಟು ಖುಷಿಯಾಯಿತು. ಹಾಳಾದದ್ದು ಅವಳ ಮೊಣಕಾಲು ಮಾತ್ರ ಅಲ್ಲ, ಹಾಗಾಗಿ ಕುಣಿಯಲಿಲ್ಲ.

ಮತ್ತೆ ನಾಲ್ಕು ದಿವಸ ನಮ್ಮ ಮನೆಯಲ್ಲಿ ಹಳೆಯ ಮಂಡೆಬಿಸಿ. ರೊಟ್ಟಿ ಬಡಿಯುವ ಶಬ್ದ, ಚಟ್ನಿಪುಡಿ ಹುರಿಯುವ ಘಾಟು. ಮಂಚದ ಮೇಲೆ ಎಲೆಹಸುರು ಬ್ಯಾಗು ಬಾಯಿ ತೆರೆದುಕೊಂಡಿತ್ತು, ಪಕ್ಕದಲ್ಲಿ ನನ್ನ ಹೆಗಲ ಚೀಲ. ಎರಡೂ ದಿವಸದಿಂದ ದಿವಸಕ್ಕೆ ಉಬ್ಬುತ್ತಿದ್ದವು. ನನ್ನ ಕೈ ತುರಿಸುತ್ತಿತ್ತು, ಸುಳ್ಳು ಹೇಳುವುದಿಲ್ಲ. ಕೊಕ್ಕೆಯ ಯಂತ್ರ ಮೊಳೆಯಲ್ಲಿ ನೇತಾಡುವುದು ನೋಡಿ ಒಮ್ಮೆ ಅದರ ಹತ್ತಿರ ಹೋಗಿಯೂ ಬಿಟ್ಟೆ. ಅವಳು ಒಲೆಯ ಕಡೆ ಮುಖ ಮಾಡಿದ್ದಳು. ತೂಗಿದರೆ ಗೊತ್ತಾಗುವುದಿಲ್ಲ. ಆದರೆ ತೂಗಿದ ಮೇಲೆ ನನ್ನ ಬಾಯಿ ಸುಮ್ಮನಿರುವುದಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಯಂತ್ರವನ್ನು ತೆಗೆದುಕೊಂಡು ಹೋಗಿ ಅಂಗಡಿಯಲ್ಲಿ ಮಾರಲಿಕ್ಕೆ ಇಟ್ಟೆ. ಮೀನಿನವಳಿಗೂ ಸಮಾಧಾನವಾಯಿತು.

ಹೊರಡುವ ದಿವಸ ಬೆಳಿಗ್ಗೆ ಮಗಳು ಕಾರಿನಲ್ಲಿ ಇಂದ್ರಾಳಿಗೆ ಬಿಟ್ಟಳು. ಕಾರಿನಿಂದ ಬ್ಯಾಗು ಇಳಿಸುವಾಗ ನನ್ನ ಸೊಂಟ ಒಮ್ಮೆ ಕಿರುಗುಟ್ಟಿತು. ಸಾವು ಮಾರಾಯ್ರೆ, ಅದರಲ್ಲಿ ಏನು ಕಲ್ಲು ಉಂಟಾ, ಕಬ್ಬಿಣ ಉಂಟಾ! ನನ್ನ ಚೀಲದ ಪಟ್ಟಿ ಹೆಗಲಿಗೆ ಕಚ್ಚಿ ಹಿಡಿಯಿತು. ಮಗಳು ನನ್ನ ಮುಖ ನೋಡಿ, "ಬಪ್ಪಾ, ಭಾರ ಉಂಟಾ?" ಅಂತ ಬೇಕೆಂದೇ ಕೇಳಿದಳು. ಹೆಂಡತಿ ಆಚೆ ನೋಡುತ್ತಾ ಕಿವಿ ಈಚೆ ಇಟ್ಟಿದ್ದಳು. "ಎಂತ ಭಾರ? ಹೂವಿನ ಹಾಗೆ ಉಂಟು" ಅಂದೆ. ಕಾಪುವಿನಲ್ಲಿ ಹುಟ್ಟಿದಂದಿನಿಂದ ಅಷ್ಟು ದೊಡ್ಡ ಸುಳ್ಳು ಹೇಳಿರಲಿಲ್ಲ.

ರೈಲು ಬಂತು. ಕಿಟಕಿಯ ಹತ್ತಿರ ಎದುರುಬದುರು ಸೀಟು. ಮಂಗಳೂರು ದಾಟುವ ಮೊದಲೇ ಅವಳು ಬ್ಯಾಗು ಬಿಚ್ಚಿದಳು. ಬಾಳೆಲೆಯಲ್ಲಿ ಕಟ್ಟಿದ ರೊಟ್ಟಿ, ಒಣಸೀಗಡಿಯ ಚಟ್ನಿ, ಬೇಯಿಸಿದ ಮೊಟ್ಟೆ, ಎರಡು ಸ್ಟೀಲಿನ ತಟ್ಟೆ, ಎರಡು ಲೋಟ. ಇಡೀ ಬೋಗಿಗೆ ನಮ್ಮ ಅಡುಗೆಕೋಣೆಯ ಪರಿಮಳ. ಆಚೆಯ ಸೀಟಿನಲ್ಲಿ ಹಾಸನದವರೊಬ್ಬರು ಮೂಗು ಮುಚ್ಚಿಕೊಂಡರು, ಅವರ ಹೆಂಡತಿ ಒಂದು ರೊಟ್ಟಿ ತೆಗೆದುಕೊಂಡು ತಿಂದು ಇನ್ನೊಂದು ಕೇಳಿದರು. ನನ್ನ ಚೀಲದಲ್ಲಿ ನನ್ನ ಸಾಬೂನು ಪೂರ್ತಿ ಇತ್ತು. ಬೈರಾಸು ನಾಲ್ಕು ಇದ್ದವು. ಯಾರಿಗೆ ಅಂತ ಕೇಳಲಿಲ್ಲ, ಆಣೆ ಹಾಕಿದ್ದೇನಲ್ಲ. ನಾನು ಅಷ್ಟು ಸುಖವಾಗಿ ಎಂದೂ ರೈಲಿನಲ್ಲಿ ಕೂತದ್ದಿಲ್ಲ.

ಕೈ ತೊಳೆದು ಬಂದ ಮೇಲೆ ಅವಳು ಬ್ಯಾಗಿನ ಅಡಿಯಿಂದ ಒಂದು ಕಟ್ಟು ತೆಗೆದಳು. ನಾನು ಮಣಿಪಾಲದಿಂದ ತಂದ ಆ ಕಾದಂಬರಿ. ಇಡೀ ಪುಸ್ತಕ ತರುವ ಅಂತ ನಾನು ಬ್ಲೇಡು ಹಾಕಿರಲಿಲ್ಲ. ಹಾಕಿದವಳು ಅವಳು. ಎರಡು ತುಂಡು, ಎರಡಕ್ಕೂ ಹಳೆಯ ಕ್ಯಾಲೆಂಡರಿನ ರಟ್ಟು, ಬೆನ್ನಿಗೆ ಕಪ್ಪು ದಾರದ ಹೊಲಿಗೆ. ದಾರದ ತುದಿಯಲ್ಲಿ ಅದೇ ಗಂಟು, ಚಾಕುವಿನಲ್ಲಿ ಕೊಯ್ಯಬೇಕಾದದ್ದು.

ಒಂದು ತುಂಡು ನನಗೆ ಕೊಟ್ಟು, ಇನ್ನೊಂದನ್ನು ತೊಡೆಯ ಮೇಲಿಟ್ಟುಕೊಂಡು ಕನ್ನಡಕ ಹಾಕಿಕೊಂಡಳು. ನಾನು ಬಿಡಿಸಿ ನೋಡಿದರೆ ನನ್ನ ಕೈಯಲ್ಲಿದ್ದದ್ದು ಕೊನೆಯ ಅರ್ಧ.

"ಇದು ಅದಲು ಬದಲಾಗಿದೆ" ಅಂದೆ.

"ಆಗಿಲ್ಲ. ಈ ಸಲ ಮೊದಲಿನದ್ದು ನನಗೆ."

ಸರಿ ಅಂತ ಓದಲಿಕ್ಕೆ ಶುರು ಮಾಡಿದೆ. ಮೊದಲ ಪುಟದಲ್ಲೇ ಒಬ್ಬಳು ಬಾಗಿಲು ತೆರೆದು ನಿಂತಿದ್ದಾಳೆ, ಎದುರು ಒಬ್ಬ ಮಳೆಯಲ್ಲಿ ನೆನೆದುಕೊಂಡು ಬಂದಿದ್ದಾನೆ, ಅವಳು ಅವನಿಗೆ ಒಳಗೆ ಬಾ ಅನ್ನುವುದಿಲ್ಲ, ಹೋಗು ಅಂತಲೂ ಅನ್ನುವುದಿಲ್ಲ. ಯಾರು ಇವಳು? ಅವನು ಎಲ್ಲಿಂದ ಬಂದದ್ದು? ಗಂಡನಾ, ಅಣ್ಣನಾ, ಸಾಲದವನಾ? ಎರಡು ಪುಟ ಓದಿದೆ, ಮೂರು ಓದಿದೆ. ಜನ ಬರುತ್ತಾರೆ, ಅಳುತ್ತಾರೆ, ನಗುತ್ತಾರೆ, ಯಾರಿಗೆ ಯಾರು ಏನು ಅಂತ ನನಗೆ ಒಂದೂ ಗೊತ್ತಾಗುವುದಿಲ್ಲ. ರೈಲು ಘಾಟಿ ಹತ್ತಲಿಕ್ಕೆ ಶುರು ಮಾಡಿತು. ಒಂದರ ಹಿಂದೆ ಒಂದು ಸುರಂಗ. ಪ್ರತಿ ಸಲ ಕತ್ತಲಾದಾಗಲೂ ಓದಿದ್ದಷ್ಟೂ ನನಗೆ ಕಲಸಿಹೋಗುತ್ತಿತ್ತು. ಪುಸ್ತಕ ಮಡಚಿದೆ.

"ಇದೆಂತ ಮಾರಾಯ್ತಿ! ಬುಡವಿಲ್ಲ, ಎಂತ ಇಲ್ಲ. ಹೀಗೆ ಹೇಗೆ ಓದುವುದು?"

ಅವಳು ಕನ್ನಡಕದ ಮೇಲಿಂದ ನೋಡಿದಳು. "ನಾನು ಓದಲಿಲ್ವಾ ಇಷ್ಟು ಸಮಯ?" ಅಂದಳು. ಮೆಲ್ಲಗೆ ಅಂದಳು, ಸಿಟ್ಟಿನಲ್ಲಲ್ಲ. "ನನಗೆ ಕೇಳ್ಲಿಕ್ಕೆ ಮನೆಯಲ್ಲಿ ಯಾರೂ ಇರ್ಲಿಲ್ಲ. ನಿಮಗೆ ಎದುರಿಗೇ ನಾನಿದ್ದೇನೆ. ಕೇಳಿ, ಹೇಳ್ತೇನೆ."

ಇನ್ನೊಂದು ಸುರಂಗ ಬಂತು, ಹೋಯಿತು. ಕಿಟಕಿಯಿಂದ ಬೆಳಕು ಬಿದ್ದಾಗ ಅವಳು ನನ್ನ ಕಡೆಗೇ ನೋಡುತ್ತಿದ್ದಳು. ನಾನು ಎದ್ದು ಅವಳ ಪಕ್ಕಕ್ಕೆ ಹೋಗಿ ಕೂತೆ.

"ಮೊದಲಿನಿಂದ ಹೇಳು" ಅಂದೆ.

ಅವಳು ಬೆರಳು ಇಟ್ಟಿದ್ದ ಪುಟದಿಂದ ಹಿಂದೆ ಹಿಂದೆ ಹೋಗಿ ಮೊದಲ ಪುಟ ತೆರೆದಳು.